ಯುದ್ಧವಿಮಾನ ವರ್ಣನಿರ್ಣಯ ಪ್ರಕರಣ

ಎರಡನೆಯ ಮಹಾಯುದ್ಧದ ವಿಮಾನಗಳ ಕಪ್ಪು-ಬಿಳುಪು ಫೋಟೊ ನೋಡಿ ಅವುಗಳ ಮೈಬಣ್ಣ ಹೇಳುವ ಪಂಡಿತರು ಮೂರು ಮತದವರು: ಪ್ರತ್ಯಕ್ಷವಾದಿಗಳು, ಅನುಮಾನವಾದಿಗಳು, ಶಬ್ದವಾದಿಗಳು. ಪುಟಾಣಿ ಮಾಡೆಲ್ ಜೋಡಿಸಿಟ್ಟು, ಬಣ್ಣದ ಡಬ್ಬಿಯ ಮುಚ್ಚಳ ತೆಗೆದು ಉತ್ತರಕ್ಕೆ ಕಾದು ಕೂತವರು ನಾಲ್ಕನೆಯವರು. ಅವಸರದ ಜನ, ಶಾಸ್ತ್ರಕ್ಕೆ ಹೊರಗು.

ಪ್ರತ್ಯಕ್ಷವಾದಿಗೆ ಕಂಡದ್ದೇ ಸತ್ಯ. ಕಪ್ಪಗಿದ್ದರೆ ಗಾಢ ಬಣ್ಣ, ಬೆಳ್ಳಗಿದ್ದರೆ ತೆಳು ಬಣ್ಣ. ಈ ಮತ ಬ್ರಿಟಿಷ್ ವಿಮಾನದ ವೃತ್ತಲಾಂಛನಕ್ಕೆ ಎಡವಿ ಬೀಳುತ್ತದೆ. 1940ರ ಸ್ಪಿಟ್‌ಫೈರ್‌ನ ಪಕ್ಕೆಯಲ್ಲಿ ನಡುವೆ ಕೆಂಪು, ಸುತ್ತ ಬಿಳಿ, ಅದರಾಚೆ ನೀಲಿ, ಎಲ್ಲಕ್ಕೂ ಹೊರಗೆ ಹಳದಿ ಬಳೆ. ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ, ನೀಲಿಯ ಮೇಲೆ ಮಾತ್ರ ವಿಪರೀತ ಮೋಹ. ಅದರಲ್ಲಿ ತೆಗೆದ ಫೋಟೊದಲ್ಲಿ ಹಳದಿ ಬಳೆ ಮಸಿ ಬಳಿದಂತೆ, ಕಡುನೀಲಿ ಒಗೆದು ಒಗೆದು ಮಾಸಿದಂತೆ. ಅದೇ ವಿಮಾನ, ಎಲ್ಲ ಬಣ್ಣವೂ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿಗೆ ಬಿದ್ದರೆ ಹಳದಿ ಬೆಳಗುತ್ತದೆ, ನೀಲಿ ಕಪ್ಪಾಗುತ್ತದೆ. ಪ್ರತ್ಯಕ್ಷವಾದಿ ಇವು ಎರಡು ಬೇರೆ ವಿಮಾನಗಳೆಂದು ಸಾಧಿಸಿ ಲೇಖನ ಬರೆಯುತ್ತಾನೆ.

ಅನುಮಾನವಾದಿ ಜಾಣ. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಬಣ್ಣ ಗೊತ್ತಿರುವ ಲಾಂಛನದಿಂದ ಫಿಲ್ಮಿನ ಜಾತಿ ಹಿಡಿಯುತ್ತಾನೆ, ಫಿಲ್ಮಿನಿಂದ ಗೊತ್ತಿಲ್ಲದ ಮೈಬಣ್ಣಕ್ಕೆ ಹೋಗುತ್ತಾನೆ. ಬರ್ಮಾ ರಣರಂಗದಲ್ಲಿ ಈ ಹಾದಿ ಕಿರಿದಾಗುತ್ತದೆ. ಜಪಾನೀಯರ ಕೆಂಪು ಸೂರ್ಯನೆಂದು ಭ್ರಮಿಸಿ ಸ್ವಪಕ್ಷದವರೇ ಗುಂಡು ಹಾರಿಸಿಯಾರೆಂದು ಬ್ರಿಟಿಷರು ಲಾಂಛನದ ಕೆಂಪನ್ನೇ ಅಳಿಸಿದರು. ಅಮೆರಿಕನ್ನರೂ 1942ರ ಮೇ ತಿಂಗಳಲ್ಲಿ ನಕ್ಷತ್ರದ ನಡುವಿನ ಕೆಂಪು ಚುಕ್ಕೆ ತೆಗೆದರು. ವಿಮಾನ ಚಾಲಕರ ಪ್ರಾಣ ಉಳಿಯಿತು, ಅನುಮಾನವಾದಿಯ ಹೇತು ಹೋಯಿತು.

ಶಬ್ದವಾದಿಗೆ ಸರ್ಕಾರಿ ಆದೇಶವೇ ವೇದ. 1941ರ ಆಗಸ್ಟ್‌ನಲ್ಲಿ ಬ್ರಿಟಿಷ್ ಹಗಲು ಫೈಟರ್‌ಗಳ ಮೇಲ್ಮೈಯ ಕಂದು ಹೋಗಿ 'ಓಷನ್ ಗ್ರೇ' ಬಂತು, ಹಸಿರು ಉಳಿಯಿತು. ಫೋಟೊದಲ್ಲಿ ಆ ಕಂದನ್ನೂ ಈ ಬೂದನ್ನೂ ಬೇರ್ಪಡಿಸುವುದು ಕಷ್ಟ. ಆದ್ದರಿಂದ ಈತ ಫೋಟೊದ ಮುಖ ನೋಡುವುದಿಲ್ಲ. ಮಗುಚಿ ಹಿಂಬದಿಯ ತಾರೀಖು ಓದುತ್ತಾನೆ. ಜುಲೈ ಆದರೆ ಕಂದು, ಅಕ್ಟೋಬರ್ ಆದರೆ ಬೂದು, ಆಗಸ್ಟ್ ಆದರೆ ಮೌನವ್ರತ. ಹೊಸ ಬಣ್ಣ ಸಾಲದ ಕಡೆ ಏಳು ಪಾಲು 'ಮೀಡಿಯಂ ಸೀ ಗ್ರೇ'ಗೆ ಒಂದು ಪಾಲು ಕಪ್ಪು ಬೆರೆಸಿ ಬಳಿಯುತ್ತಿದ್ದರು. ಬೆರೆಸಿದವನ ಕೈ ಎಷ್ಟು ಧಾರಾಳವಾಗಿತ್ತೆಂದು ಯಾವ ಆದೇಶವೂ ಹೇಳುವುದಿಲ್ಲ.

ಜರ್ಮನ್ ಶಾಖೆಯ ಶಬ್ದವಾದಿಗಳ ಪಾಡು ಇನ್ನೂ ಕರುಣಾಜನಕ. ಯುದ್ಧದ ಕೊನೆಗೆ ಬಂದ 81, 82, 83 ಎಂಬ ಬಣ್ಣದ ಸಂಖ್ಯೆಗಳು ಅವರ 1941ರ ಅಧಿಕೃತ ಬಣ್ಣಪಟ್ಟಿಯಲ್ಲಿಲ್ಲ. 83 ಹಸಿರೆಂದು ದಶಕಗಳ ಕಾಲ ಬಳಿದವರ ಎದುರು ಈಗ ಅದು ನೀಲಿಯೆಂಬ ಪಂಥ ಎದ್ದಿದೆ. ಎರಡೂ ಕಡೆಯವರು ಸಾಕ್ಷಿಗೆ ತೋರಿಸುವುದು ಬೂದು ಬಣ್ಣದ ಫೋಟೊಗಳನ್ನೇ.

ಮೂರೂ ಮತಗಳು ಜಗಳವಿಲ್ಲದೆ ಒಪ್ಪುವ ಸಂದರ್ಭ ಅಪರೂಪಕ್ಕೆ ಸಿಗುತ್ತದೆ: ತಗ್ಗಿನಲ್ಲಿ ಹಾರಿ ಶತ್ರುನೆಲದ ಚಿತ್ರ ತೆಗೆಯುತ್ತಿದ್ದ, ಒಂದೇ ತೆಳು ಛಾಯೆಯ ಕೆಲವು ಸ್ಪಿಟ್‌ಫೈರ್‌ಗಳು. ಬಿಳಿಯೆಂದು ಮೂವರೂ ಸಹಿ ಹಾಕುತ್ತಾರೆ. ಅವಕ್ಕೆ ಬಳಿದಿದ್ದದ್ದು ಗುಲಾಬಿ.