ನಮ್ಮ ಮೆಷಿನ್ನಲ್ಲಿ ಪಾಸಾಗುತ್ತಲ್ಲ!

ಕೊರೊನಾ ಬಂದು ಹೋದ ಮೇಲೆ ಆಲ್ದೂರು ಸೀಮೆಯ ತೋಟದ ಮನೆಗಳಲ್ಲಿ ಹೊಸ ತಳಿಯೊಂದು ಬೇರೂರಿದೆ: ಬೆಂಗಳೂರಿನ ಕಂಪನಿಗೆ ಮಹಡಿಯಿಂದಲೇ ಕಂಪೈಲರ್ ಬರೆಯುವ ಗೌಡರ ಮಗ. ಕೆಳಗೆ ಕಣದಲ್ಲಿ ರೊಬಸ್ಟಾ ಒಣಗುತ್ತಿರುತ್ತದೆ, ಮೇಲೆ ಲ್ಯಾಪ್‌ಟಾಪು ಕಾಯುತ್ತಿರುತ್ತದೆ. ಬುದ್ಧಿವಂತ, ಸಂಭಾವಿತ. ಆದರೆ ಅವನು ಬರೆದ ಟೆಸ್ಟು ಕಂಪನಿಯ ಸರ್ವರಿನಲ್ಲಿ ಮುಗ್ಗರಿಸಿತೋ, “ನಮ್ಮ ಮೆಷಿನ್ನಲ್ಲಿ ಪಾಸಾಗುತ್ತಲ್ಲ ಮಾರಾಯ್ರೆ” ಎಂದು ಕಾಫಿಗೆ ಎದ್ದು ಹೋಗುತ್ತಾನೆ. ಅವನು ಹೇಳುವುದು ಸುಳ್ಳಲ್ಲ, ತೊಂದರೆ ಅಲ್ಲೇ ಇರುವುದು. ಸಿ ಭಾಷೆಯ ‘ಚಾರ್’ನಲ್ಲಿ -1 ಇಟ್ಟು ಮತ್ತೆ ಓದಿ: ಇಂಟೆಲ್ ಚಿಪ್ಪಿನ ಲಿನಕ್ಸ್‌ನಲ್ಲಿ -1 ಸಿಗುತ್ತದೆ, ಆರ್ಮ್ ಚಿಪ್ಪಿನ ಲಿನಕ್ಸ್‌ನಲ್ಲಿ 255. ಎರಡೂ ಸರಿಯೇ, ಭಾಷೆಯ ನಿಯಮ ಅದನ್ನು ಕಂಪೈಲರಿನ ಮರ್ಜಿಗೆ ಬಿಟ್ಟಿದೆ. ‘ಮಾರ್ಚ್ ನೇಟಿವ್’ ಎಂದು ಸೂಚನೆ ಕೊಟ್ಟರಂತೂ ಕಂಪೈಲರು ತಾನು ಕೂತ ಚಿಪ್ಪಿನ ವಿಶೇಷಗಳನ್ನೆಲ್ಲ ಬಳಸಿಕೊಳ್ಳುತ್ತದೆ; ಎವಿಎಕ್ಸ್-512ರಂಥ ವಿಶೇಷವನ್ನು ಬಳಸಿದ ಪ್ರೋಗ್ರಾಮು ಅದಿಲ್ಲದ ಯಂತ್ರಕ್ಕೆ ಹೋದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಕೂಗಿ ಪ್ರಾಣ ಬಿಡುತ್ತದೆ.

ಅವನಲ್ಲೂ ವಾದವಿದೆ. ಚಿಪ್ಪಿಗೆಂದೇ ಕೋಡು ಹುಟ್ಟಿಸುವ ಕಂಪೈಲರಿನ ಟೆಸ್ಟು ಚಿಪ್ಪನ್ನು ನೆಚ್ಚಬಾರದು ಎಂದರೆ ಹೇಗೆ? ನೆಚ್ಚಲಿ, ಅದನ್ನು ಬಾಯಿಬಿಟ್ಟು ಹೇಳಲಿ. ಅವನ ಅಪ್ಪನನ್ನೇ ನೋಡಿ. ಮಳೆಮಾಪಕ ಎತ್ತಿ “ನಮ್ಮ ತೋಟಕ್ಕೆ ಒಂದಿಂಚು ಇಪ್ಪತ್ತು ಸೆಂಟು” ಎನ್ನುತ್ತಾರೆಯೇ ಹೊರತು ಊರಿಗೆಲ್ಲ ಅಷ್ಟೇ ಬಿತ್ತು ಎನ್ನುವುದಿಲ್ಲ. ಪಕ್ಕದ ವಸ್ತಾರೆಯಲ್ಲಿ ಹನಿಯೂ ಬಿದ್ದಿರಲಿಕ್ಕಿಲ್ಲವೆಂದು ಅವರಿಗೆ ಗೊತ್ತು. ಎಲ್‌ಎಲ್‌ವಿಎಮ್ ಎಂಬ ಕಂಪೈಲರ್ ಯೋಜನೆಯಲ್ಲಿ ಟೆಸ್ಟಿನ ತಲೆಯ ಮೇಲೆ ‘ರಿಕ್ವೈರ್ಸ್’ ಎಂದು ಒಂದು ಸಾಲು ಬರೆದರೆ ಆಯಿತು, ಆ ಸೌಲಭ್ಯ ಇಲ್ಲದ ಕಡೆ ಟೆಸ್ಟು ಓಡುವುದಿಲ್ಲ. ಇನ್ನೂ ಒಳ್ಳೆಯ ದಾರಿಯೆಂದರೆ, ಯಾವ ಚಿಪ್ಪಿಗೆ ಎಂದು ಆದೇಶದಲ್ಲೇ ಹೆಸರಿಸಿ, ಅಸೆಂಬ್ಲಿಯನ್ನಷ್ಟೇ ತೆಗೆದು ಅದನ್ನು ತಾಳೆ ನೋಡುವ ‘ಫೈಲ್‌ಚೆಕ್’ಗೆ ಕೊಡುವುದು. ಹುಟ್ಟಿದ ಪ್ರೋಗ್ರಾಮು ಓಡಲೇಬೇಕಿಲ್ಲ. ಇಂಟೆಲ್ ಮೇಲೆ ಕೂತೇ ಆರ್ಮ್ ಕೋಡನ್ನು ತಪಾಸಣೆ ಮಾಡಬಹುದು. ಕೋಡು ನಿಜಕ್ಕೂ ಸರಿಯಾಗಿ ಓಡುತ್ತದೋ ಎಂಬುದು ಇದರಿಂದ ತಿಳಿಯದು, ಒಪ್ಪಿದೆ. ಅದಕ್ಕೆ ಆ ಚಿಪ್ಪಿರುವ ಒಂದು ಯಂತ್ರವನ್ನಾದರೂ ದಿನವೂ ದುಡಿಸಬೇಕು, ಕಂಪನಿ ಅದಕ್ಕೆ ಕಾಸು ಬಿಚ್ಚಬೇಕು.

ಇಷ್ಟು ಹೇಳಿದಿರೋ, ನಮ್ಮ ಹುಡುಗ ಮತ್ತೊಂದು ತುದಿಗೆ ಜಿಗಿಯುತ್ತಾನೆ. ಬಿದ್ದ ಟೆಸ್ಟಿಗೆಲ್ಲ ‘ಅನ್‌ಸಪೋರ್ಟೆಡ್’, ಅಂದರೆ ಇಲ್ಲಿ ಓಡಿಸಬೇಡಿ ಎಂಬ ಪಟ್ಟಿ ಅಂಟಿಸುತ್ತಾನೆ. ಪರದೆಯ ಕೆಂಪೆಲ್ಲ ಮಾಯ. ಹಾಗಾದರೆ ಇದು ಓಡುವುದೆಲ್ಲಿ ಎಂದು ಕೇಳಿ ನೋಡಿ: “ಎಲ್ಲೂ ಫೇಲಂತೂ ಆಗ್ತಿಲ್ವಲ್ಲ ಮಾರಾಯ್ರೆ!”