ಕಲ್ಲಿನ ಊರಿನವನು ಮಣ್ಣು ಹಿಡಿದದ್ದು

ಬನ್ನಿ ರಾಯರೇ, ಸ್ವಲ್ಪ ಬೇಲಿ ಹತ್ತಿರಕ್ಕೆ ಬನ್ನಿ. ನೆಲಕ್ಕೆ ಮಾರ್ಬಲ್ಲೋ ಟೈಲ್ಸೋ ಅಂತ ನಿಮ್ಮನೇಲಿ ನಡೆದ ವಾಗ್ವಾದ ನಮ್ಮ ಅಡುಗೆಮನೆಗೂ ಕೇಳಿಸ್ತು. ಗ್ರೀಸ್ ದೇಶದ ಟೀನೋಸ್ ದ್ವೀಪದಲ್ಲಿ ಪಿರ್ಗೋಸ್ ಅಂತ ಒಂದು ಹಳ್ಳಿ ಇದೆ, ಅಲ್ಲಾಗಿದ್ರೆ ಈ ಜಗಳವೇ ಹುಟ್ತಿರಲಿಲ್ಲ. ಅಲ್ಲಿ ಹೊಸ್ತಿಲು ಅಮೃತಶಿಲೆ, ಬಾಗಿಲ ಮೇಲಿನ ಬೆಳಕಿಂಡಿ ಅಮೃತಶಿಲೆ, ಕಡೆಗೆ ಬಸ್ ಸ್ಟಾಪಿಗೂ ಅಮೃತಶಿಲೆ! ಬೆಳಕಿಂಡಿಗಳ ಮೇಲೆ ಹಡಗು, ಹಕ್ಕಿ, ಹೂಬಳ್ಳಿ ಕೊರೆದಿರ್ತಾರೆ. ಕಲ್ಲಿನ ನರ ಯಾವ ಕಡೆ ಓಡಿದೆ ಅಂತ ನೋಡಿಯೇ ಉಳಿ ಇಡೋ ಆ ವಿದ್ಯೆಯನ್ನ 2015ರಲ್ಲಿ ಯುನೆಸ್ಕೋದವರು ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿದರು.

ಅಂಥ ಊರಲ್ಲಿ ಶಿಲ್ಪಿ ಆಗೋದು ಸುಲಭ ಅಂತೀರಾ? ಯನ್ನೂಲಿಸ್ ಹಲೆಪಾಸನ ಕತೆ ಕೇಳಿ. ಹುಟ್ಟಿದ್ದು 1851ರಲ್ಲಿ. ಅಪ್ಪನದು ಅಮೃತಶಿಲೆ ಕೆಲಸದ ದೊಡ್ಡ ವ್ಯವಹಾರ, ಪರದೇಶಗಳಲ್ಲೂ ಶಾಖೆ. ಮಗ ಗಲ್ಲಾ ಮೇಲೆ ಕೂತು ಲೆಕ್ಕ ಬರೀಲಿ ಅಂತ ಮನೆಯವರಿಗೆ ಆಸೆ, ಇವನಿಗೆ ಉಳಿಯ ಮೇಲೆ ಕಣ್ಣು. ಅಥೆನ್ಸಿನಲ್ಲಿ ಓದಿದ. ಆಮೇಲೆ ಟೀನೋಸಿನ ದೊಡ್ಡ ಚರ್ಚಿನವರು ಕೊಟ್ಟ ವಿದ್ಯಾರ್ಥಿವೇತನದಲ್ಲಿ ಮ್ಯೂನಿಕ್ಕಿಗೆ ಹೋದ. ಆ ದುಡ್ಡು ನಿಂತುಹೋದಾಗ ವಾಪಸು ಬಂದು ಅಥೆನ್ಸಿನಲ್ಲೇ ಕೆಲಸಕ್ಕೆ ಕೂತ. ಸೋಫಿಯಾ ಅಫೆಂಟಾಕಿ ಅನ್ನೋ ಎಳೇ ಹುಡುಗಿ ತೀರಿಕೊಂಡಿದ್ದಳು. ಅವಳ ಸಮಾಧಿಗೆ ಅಂತ ಇವನು ‘ಮಲಗಿದ ಹುಡುಗಿ’ ಕಡೆದ. ಗ್ರೀಕರು ಇವತ್ತಿಗೂ ಅದರ ಹೆಸರು ಹೇಳಿಯೇ ಇವನನ್ನ ಗುರುತಿಸ್ತಾರೆ.

ಆಗ ಅವನಿಗೆ 26–27 ವರ್ಷ. ಅಷ್ಟರಲ್ಲೇ ತಲೆ ಕೆಟ್ಟಿತು. ತಾನು ಮಾಡಿದ್ದನ್ನ ತಾನೇ ಒಡೆದು ಹಾಕೋಕೆ ಶುರುಮಾಡಿದ. 1888ರಲ್ಲಿ ಕಾರ್ಫು ದ್ವೀಪದ ಹುಚ್ಚಾಸ್ಪತ್ರೆಗೆ ಸೇರಿಸಿದರು, 14 ವರ್ಷ ಅಲ್ಲೇ. ಅಪ್ಪ ಹೋದ ಮೇಲೆ, 1902ರಲ್ಲಿ, ಅವ್ವ ಹೋಗಿ ಮನೆಗೆ ಕರಕೊಂಡು ಬಂದಳು.

ಮನೆಗೆ ಬಂದವನು ಕುರಿ ಕಾಯ್ತಿದ್ದ. ಕೈಗೆ ಮಣ್ಣು ಸಿಕ್ಕಿದ್ರೆ ಏನಾದ್ರೂ ತಿದ್ದೋನು, ಅವ್ವ ಕಂಡಕೂಡಲೇ ಹಾಳುಮಾಡಿ ಬಿಸಾಕೋಳು. ಮಗನ ಬುದ್ಧಿ ಕೆಡಿಸಿದ್ದು ಈ ಶಿಲ್ಪದ ಕೆಲಸವೇ ಅಂತ ಅವಳ ನಂಬಿಕೆ. ‘ಎಂಥಾ ತಾಯಿ ರೀ!’ ಅನ್ನಬೇಡಿ. ಎದೆಯೆತ್ತರ ಬೆಳೆದ ಮಗ ಯಾಕೆ ಹೀಗಾದ ಅಂತ ಅವಳಿಗೆ ತಿಳಿಸಿ ಹೇಳೋರು ಯಾರಿದ್ರು? ಕಣ್ಣಿಗೆ ಕಾಣ್ತಿದ್ದದ್ದು ಅವನ ಕೈಯಲ್ಲಿದ್ದ ಮಣ್ಣು ಒಂದೇ. ಕೋಪ ಅದರ ಮೇಲೆ ಹೋಯ್ತು.

1916ರಲ್ಲಿ ಅವ್ವ ತೀರಿಕೊಂಡಳು. ಮಗನಿಗೆ ಹತ್ತಿರ ಹತ್ತಿರ 65. ನಮ್ಮಲ್ಲಾದ್ರೆ ಪೆನ್ಶನ್ ಪುಸ್ತಕ ಹಿಡಿದು ಬ್ಯಾಂಕಿನ ಸಾಲಲ್ಲಿ ನಿಲ್ಲೋ ವಯಸ್ಸು. ಸುತ್ತ ಅಮೃತಶಿಲೆಯ ಗುಡ್ಡಗಳಿದ್ರೂ ಕೊಳ್ಳೋಕೆ ಕಾಸಿಲ್ಲ. ಊರವರಿಗೆ ಅವನೊಬ್ಬ ಹುಚ್ಚ. ಇದ್ದದ್ದು ಕಾಲಡಿಯ ಮಣ್ಣು, ಅದನ್ನೇ ಕಲಸಿದ. ಅಪ್ಪನ ಹಳೇ ಲೆಕ್ಕದ ಪುಸ್ತಕಗಳಲ್ಲಿ ಚಿತ್ರ ಬರೆದ. ಹರೆಯದಲ್ಲಿ ಹಿಡಿದಿದ್ದ ವಸ್ತುಗಳನ್ನೇ ಮತ್ತೆ ಹಿಡಿದ. ಕುಚೇಷ್ಟೆಯ ಕಾಡುದೈವ ಸ್ಯಾಟಿರ್ ಬಂದ. ಹೆತ್ತ ಮಕ್ಕಳನ್ನೇ ಕೊಂದ ಮೆಡಿಯಾ ಬಂದಳು, ಅದೂ ಒಂದು ಸಲವಲ್ಲ, ಹಲವು ಸಲ. ಹಳೇ ನುಣುಪು, ಹೊಳಪು ಒಂದೂ ಇಲ್ಲ. ಬೆರಳು ಒತ್ತಿದ ಗುರುತು ಹಾಗೇ ಉಳಿದಿದೆ.

ಅಥೆನ್ಸಿನ ಪ್ರಾಧ್ಯಾಪಕ ಥೋಮಾಸ್ ಥೋಮೋಪೌಲೋಸ್ ಈ ಮಣ್ಣಿನ ಕೆಲಸದ ಬೆಲೆ ಕಂಡುಕೊಂಡು, ಪ್ಲಾಸ್ಟರಿನಲ್ಲಿ ಅಚ್ಚು ತೆಗೆಸಿದರು. 1925ರಲ್ಲಿ ರಾಜಧಾನಿಯಲ್ಲಿ ಪ್ರದರ್ಶನ ಆಯ್ತು, 1927ರಲ್ಲಿ ಅಥೆನ್ಸ್ ಅಕಾಡೆಮಿಯ ಪ್ರಶಸ್ತಿ ಬಂತು. 1930ರಲ್ಲಿ ಬಂಧುವೊಬ್ಬಳು ಅವನನ್ನ ಅಥೆನ್ಸಿಗೆ ಕರಕೊಂಡು ಹೋದಳು. 1938ರಲ್ಲಿ ಕಣ್ಣು ಮುಚ್ಚೋವರೆಗೂ ಮುದುಕ ಕೈ ಕಟ್ಟಿ ಕೂರಲಿಲ್ಲ.

ಜನ ‘ಮಲಗಿದ ಹುಡುಗಿ’ಯನ್ನ ಕೊಂಡಾಡಲಿ, ನನ್ನದೇನೂ ತಕರಾರಿಲ್ಲ. ಆದ್ರೆ ಮ್ಯೂನಿಕ್ಕಿನಲ್ಲಿ ಕಲಿತ ಇನ್ನೊಬ್ಬ ಗಟ್ಟಿ ಶಿಲ್ಪಿ ಅಂಥದ್ದನ್ನ ಕಡೆದಿರಬಹುದಿತ್ತೇನೋ. ಆ ಮಣ್ಣಿನ ಮೆಡಿಯಾಳನ್ನ ಮಾತ್ರ, ರಾಯರೇ, ಹಲೆಪಾಸ್ ಬಿಟ್ಟು ಇನ್ಯಾರೂ ಮಾಡ್ತಿರಲಿಲ್ಲ.