ಅಶರೀರವಾಣಿಗಳ ಸಹವಾಸ

ತಂಗಿಯ ಮದುವೆ ಮುಗಿಸಿದ ಕಂಸ, ಅಕ್ಕರೆ ಉಕ್ಕಿ ತಾನೇ ಕಡಿವಾಣ ಹಿಡಿದು ರಥ ಹೊರಡಿಸಿದ್ದ. ಅಷ್ಟರಲ್ಲಿ ಮೇಲಿನಿಂದ ದನಿಯೊಂದು, ಇವಳ ಎಂಟನೆಯ ಮಗನಿಂದಲೇ ನಿನಗೆ ಸಾವು ಎಂದಿತು. ಗಾಡಿ ಓಡಿಸುವವನ ಕಿವಿಗೆ ಆಕಾಶದಿಂದ ಸೂಚನೆ ಬಂದದ್ದು ಬಹುಶಃ ಅದೇ ಮೊದಲು. ಅವನು ಅಲ್ಲೇ ರಥ ನಿಲ್ಲಿಸಿ ಕತ್ತಿ ಹಿರಿದ. ಆಮೇಲೆ ಹಿಡಿದದ್ದೆಲ್ಲ ತಪ್ಪು ದಾರಿಯೇ.

ಹರಿಕಥೆ ದಾಸರು ಈ ಘಟ್ಟಕ್ಕೆ ಬಂದರೆ ತಾಳ ನಿಲ್ಲಿಸಿ ದನಿ ದಪ್ಪ ಮಾಡುತ್ತಿದ್ದರು. ಅಶರೀರವಾಣಿ ಅಂದರೆ ಸುಮ್ಮನೆಯೇ? ಯುಗಕ್ಕೆ ಒಂದೋ ಎರಡೋ ಸಲ, ಅದೂ ರಾಜಮಹಾರಾಜರಿಗೆ ಮಾತ್ರ. ಈಗ ಹತ್ತು ರೂಪಾಯಿ ಕೊತ್ತಂಬರಿ ಸೊಪ್ಪಿಗೂ ಆಗುತ್ತದೆ.

ಇದಕ್ಕೆಲ್ಲ ನಾಂದಿ ಹಾಡಿದ್ದು ಮೈಸೂರಿನವರೇ ಎಂದು ನನ್ನ ಗುಮಾನಿ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಅವರ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಆಮೇಲೆ ಇಡೀ ದೇಶದ ರೇಡಿಯೋಗೆ ಬಂತು. ಮನಸ್ಸನ್ನು ಓದಿದವರಿಗೇ ಹೊಳೆಯಬೇಕಿತ್ತು, ಮೈಯಿಲ್ಲದ ದನಿಗೆ ಜನ ಎಷ್ಟು ಬೇಗ ತಲೆಬಾಗುತ್ತಾರೆ ಅಂತ.

ತಲೆಬಾಗದವರೂ ಇದ್ದಾರೆ. ತಿಪಟೂರಿನ ನಮ್ಮ ದೊಡ್ಡಮ್ಮ ಮಗನಿಗೆ ಫೋನ್ ಹಚ್ಚಿದರೆ, ಸಿಗುವುದು ಹೆಚ್ಚಾಗಿ ಮಗನಲ್ಲ, ಅವನು ವ್ಯಾಪ್ತಿ ಪ್ರದೇಶದ ಹೊರಗಿದ್ದಾನೆ ಎನ್ನುವ ಹೆಣ್ಣುಮಗಳು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅದೇ ಸಮಾಚಾರ ಇಂಗ್ಲಿಷಿನಲ್ಲಿ ಶುರುವಾದಾಗ ಮಾತ್ರ, “ಒಂದ್ಸಲ ಹೇಳಿದ್ಯಲ್ಲಮ್ಮ, ಅರ್ಥ ಆಯ್ತು ಬಿಡು” ಎಂದು ಇಡುತ್ತಾರೆ. ಆ ಹೆಣ್ಣುಮಗಳ ಮೇಲೆ ಅವರಿಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಮಗನ ಮೇಲೆ: “ಆ ಹುಡುಗಿಗಿರೋ ತಾಳ್ಮೆ ಇವನಿಗಿಲ್ಲ.”

ತಾಳ್ಮೆಯ ಮಾತಿಗೆ ಗೂಗಲ್ ಮ್ಯಾಪ್ಸ್ ನೆನಪಾಗುತ್ತದೆ. ಮೊನ್ನೆ ಬಸವನಗುಡಿಯಲ್ಲಿ ಹತ್ತಿದ ಆಟೋದಲ್ಲಿ ಆಕೆ ಎಡಕ್ಕೆ ತಿರುಗಿ ಅಂದಳು. ಡ್ರೈವರ್ ನೇರ ಹೋದ. ಮುಂದಿನ ತಿರುವಿನಲ್ಲೂ ಅದೇ ಮಾತು, ಅದೇ ಉತ್ತರ. ಕೊನೆಗೆ ಅವನೇ ಫೋನಿನ ಕಡೆ ಬಗ್ಗಿ, “ಅಲ್ಲಿ ರಸ್ತೆ ಅಗೆದಿದಾರೆ ಕಣಮ್ಮ, ನಿಂಗೆ ಗೊತ್ತಿಲ್ಲ, ಸುಮ್ನಿರು” ಎಂದ. ಆಕೆ ಸುಮ್ಮನಾಗಲಿಲ್ಲ. ಆದರೆ ‘ಆಗಲೇ ಹೇಳಿದ್ದೆ’ ಎಂದು ಚುಚ್ಚಲೂ ಇಲ್ಲ. ಇದ್ದಲ್ಲಿಂದ ಹೊಸ ದಾರಿ ಹೇಳಿದಳು. ನಮ್ಮ ಮನೆಯಲ್ಲಿ ಒಂದು ತಿರುವು ತಪ್ಪಿದರೆ ಅದರ ಪ್ರಸ್ತಾಪ ಮುಂದಿನ ಯುಗಾದಿಯವರೆಗೂ ಬರುತ್ತಿರುತ್ತದೆ.

ರೈಲ್ವೆ ಸ್ಟೇಷನ್ನಿನ ದನಿಯದು ಬೇರೆಯೇ ಗತ್ತು. ತುಂಡು ತುಂಡಾಗಿ ಮುದ್ರಿಸಿಟ್ಟ ಪದಗಳನ್ನು ಯಂತ್ರ ಜೋಡಿಸುವುದರಿಂದ ರೈಲಿನ ನಂಬರು ಒಂದೊಂದೇ ಅಂಕಿಯಾಗಿ ಉದುರುತ್ತದೆ, ಊರಿನ ಹೆಸರಿನ ಮುಂದೆ ಸಣ್ಣದೊಂದು ಉಸಿರುಗಟ್ಟು. ರೈಲು ಐದು ನಿಮಿಷ ತಡವಾದರೂ, ಐದು ಗಂಟೆ ತಡವಾದರೂ ವಿಷಾದ ಮಾತ್ರ ಒಂದೇ ಅಳತೆಯದು.

ಮೆಟ್ರೋದ ಕನ್ನಡವನ್ನು ಈ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. 2011ರ ಅಕ್ಟೋಬರಿನಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ರೈಲು ಓಡಿದ ಮೇಲೆ, ಬೆಂಗಳೂರಿಗರಿಗೆ ಬಾಗಿಲು ಯಾವ ಕಡೆ ತೆರೆಯುತ್ತದೆಂದು ಹೇಳುತ್ತ ಬಂದವರು ಅಪರ್ಣಾ. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ನಲ್ಲಿ ನಟಿಸಿದವರು, ರೇಡಿಯೋ, ದೂರದರ್ಶನ, ಸರ್ಕಾರಿ ಸಮಾರಂಭಗಳಲ್ಲಿ ಒಂದು ಅಕ್ಷರವೂ ಜಾರದಂತೆ ನಿರೂಪಣೆ ಮಾಡಿದವರು. ಅದೇ ಅಪರ್ಣಾ ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾಗಿ ಬಂದು ಆ ಗಾಂಭೀರ್ಯವನ್ನೆಲ್ಲ ಗಾಳಿಗೆ ತೂರಿದಾಗ ನಾವು ಹೊಟ್ಟೆ ಹಿಡಿದು ನಕ್ಕೆವು. 2024ರ ಜುಲೈನಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಮೆಟ್ರೋ ಹತ್ತಿದೆ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು ಮುಂದಿನ ನಿಲ್ದಾಣದ ಘೋಷಣೆ ಬರುತ್ತಿದ್ದಂತೆ ಕಿವಿಯ ಇಯರ್‌ಫೋನ್ ತೆಗೆದು, ಮುಗಿದ ಮೇಲೆ ಮತ್ತೆ ಹಾಕಿಕೊಂಡಳು. ಅವಳು ಇಳಿಯುವ ನಿಲ್ದಾಣ ಅದಾಗಿರಲಿಲ್ಲ.

ಅಂಗಡಿಗಳಲ್ಲಿ ಹಣ ಬಂತೆಂದು ಕೂಗುವ ಪೆಟ್ಟಿಗೆಗೆ ಇಂಥ ನಯವಿಲ್ಲ. ಅಂಗೈಯಗಲ ಗಾತ್ರ, ಒಳಗೊಂದು ಸಿಮ್, ಗಂಟಲು ಮಾತ್ರ ಬೀದಿಯಷ್ಟು ದೊಡ್ಡದು. ಅದು ಬಂದದ್ದಕ್ಕೂ ಕಾರಣವಿದೆ. ಕೈತುಂಬ ಕಡಲೆಹಿಟ್ಟು ಮೆತ್ತಿಕೊಂಡು ಬೋಂಡಾ ಬಿಡುತ್ತಿರುವವನು ಪ್ರತಿ ಸಲ ಮೊಬೈಲು ಒರೆಸಿ ನೋಡುವುದಕ್ಕಾಗುತ್ತದೆಯೇ? ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ನಡೆದುಬಿಡುವ ಜಾಣರಿಗೂ ಅಂಕುಶ ಬೇಕಿತ್ತು. ಫೋನ್‌ಪೇಯವರು ಈ ಪೆಟ್ಟಿಗೆಗೆ ಸುದೀಪ್ ದನಿಯನ್ನೇ ತಂದರು. ಬಿಗ್ ಬಾಸ್ ಮನೆಯವರನ್ನು ಶನಿವಾರ ರಾತ್ರಿ ನಡುಗಿಸುವ ದನಿ, ಬೆಲ್ಲದಂಗಡಿಯಲ್ಲಿ ನಲವತ್ತು ರೂಪಾಯಿ ಬಂದದ್ದನ್ನು ಸಾರುತ್ತದೆ. ಪೆಟ್ಟಿಗೆಯ ಸುತ್ತ ಗುಂಯ್‌ಗುಟ್ಟುವ ನೊಣಗಳನ್ನು ಕಂಡಾಗ ನನಗೆ 2012ರ ‘ಈಗ’ ಸಿನಿಮಾ ನೆನಪಾಗಿ, ಸುದೀಪ್ ಪಾಪ ಅನ್ನಿಸುತ್ತದೆ. ಒಂದು ನೊಣ ಅಷ್ಟು ಕಾಡಿದ್ದು ಸಾಲದೇ?

2025ರ ಜುಲೈನಲ್ಲಿ ಈ ಪೆಟ್ಟಿಗೆಗಳಲ್ಲಿ ಎಷ್ಟೋ ಏಕಾಏಕಿ ಮೌನವ್ರತ ಹಿಡಿದವು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತ್ತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಚೀಟಿಯ ಮೇಲೆ ‘ಕ್ಯಾಶ್ ಮಾತ್ರ’ ಎಂಬ ಬೋರ್ಡು ಬಂತು. ಬಂದ ಹಣವನ್ನೆಲ್ಲ ದಿನವಿಡೀ ಊರಿಗೇ ಕೇಳುವಂತೆ ಕೂಗಿಸಿದ ಮೇಲೆ, ಇಲಾಖೆಗೂ ಒಂದು ಕಿವಿ ಇರುತ್ತದೆಂಬುದು ಯಾರಿಗೂ ಹೊಳೆದಿರಲಿಲ್ಲ. ಮುಂದೆ ಸರ್ಕಾರ ಸ್ವಲ್ಪ ಮೆತ್ತಗಾಯಿತು, ಪೆಟ್ಟಿಗೆಗಳೂ ಬಾಯಿಬಿಟ್ಟವು.

ನಮ್ಮ ಬೀದಿಗೆ ಬರುವ ಟೊಮ್ಯಾಟೊ ಗಾಡಿಯವನು ಈ ವಿದ್ಯೆಯಲ್ಲಿ ಒಂದು ಹೆಜ್ಜೆ ಮುಂದೆ. ಗಾಡಿಗೆ ಮೈಕು ಕಟ್ಟಿದ್ದಾನೆ, ಅದರಲ್ಲಿ ಅವನದೇ ದನಿ: “ಕೇಜಿ ಇಪ್ಪತ್ತು, ಕೇಜಿ ಇಪ್ಪತ್ತು.” ಅವನು ಮಾತ್ರ ಗಾಡಿಯ ಹಿಂದೆ ನಿಂತು ರೀಲ್ಸ್ ನೋಡುತ್ತಿರುತ್ತಾನೆ. ಕಳೆದ ವಾರ ಎದುರುಮನೆಯ ಸರೋಜಮ್ಮನವರು ಒಂದು ಕೇಜಿ ತೂಗಿಸಿದರು.

“ಮೂವತ್ತು ಕೊಡಿ ಅಮ್ಮ.”

“ನೀನೇ ಇಪ್ಪತ್ತು ಅಂತಿದ್ಯಲ್ಲಪ್ಪ!”

“ಅದು ಮೊನ್ನೆ ರೆಕಾರ್ಡ್ ಮಾಡಿದ್ದು ಅಮ್ಮ. ನನ್ ಮಾತು ಕೇಳಿ.”

“ಅದೂ ನಿನ್ ಮಾತೇ ತಾನೆ? ಮೊದ್ಲು ಅವನನ್ನ ಒಪ್ಪಿಸು, ಆಮೇಲೆ ನನ್ನ ಹತ್ರ ಬಾ.”

ಅವನು ಮೈಕು ಆರಿಸಲು ಗುಂಡಿ ಹುಡುಕಿದ. ಅವಸರಕ್ಕೆ ಅದು ಸಿಗದೆ ಮೈಕು ಇಪ್ಪತ್ತು ಇಪ್ಪತ್ತು ಎನ್ನುತ್ತಲೇ ಇತ್ತು. ಬೆನ್ನ ಹಿಂದೆ ಚೀಲ ಹಿಡಿದ ನಾಲ್ಕೈದು ಜನ. ಅವನು ಸರೋಜಮ್ಮನವರ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, “ಆಯ್ತು, ಇಪ್ಪತ್ತೈದು ಹಾಕಿ. ನಿಮಗೆ ಮಾತ್ರ, ಬೇರೆಯವರಿಗೆ ಹೇಳ್ಬೇಡಿ” ಅಂದ. ಅವರು ಯಾರಿಗೂ ಹೇಳಲಿಲ್ಲ. ಸ್ಕ್ಯಾನ್ ಮಾಡಿ, ಇಪ್ಪತ್ತೈದು ಒತ್ತಿ, ಸುಮ್ಮನೆ ನಿಂತರು. ಉಳಿದದ್ದನ್ನು ತಕ್ಕಡಿಯ ಪಕ್ಕದ ಪೆಟ್ಟಿಗೆಯೇ ನೋಡಿಕೊಂಡಿತು.